ಕೆಲಸಗಾರ ೨

ನಮ್ಮ ಯಜಮಾನರು ಹದಿನಾಲ್ಕು ವರ್ಷದಿಂದ ಕಾರ್ಖಾನೆಗಳಿಗೆ ಸುರಕ್ಷತೆಯ ವಿಡಿಯೋ ಮಾಡುತ್ತಾ ಬಂದವರು. ಹೆಲ್ಮೆಟ್ಟಿನ ಪಟ್ಟಿ ಎಷ್ಟು ಬಿಗಿ ಇರಬೇಕು, ಏಣಿಯನ್ನು ಗೋಡೆಗೆ ಎಷ್ಟು ಓರೆಯಾಗಿ ಒರಗಿಸಬೇಕು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆಯುವುದು ಹೇಗೆ, ಇಂಥವು. ಅವರ ವಿಡಿಯೋ ನೋಡಿ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಾಣೆ. ಆದರೆ ನೋಡಿದ ಮೇಲೆ ಯಾರಾದರೂ ಏಣಿಯಿಂದ ಬಿದ್ದದ್ದನ್ನೂ ಕೇಳಿಲ್ಲ. ಕ್ಯಾಮೆರಾ ಮುಟ್ಟುವುದಕ್ಕೆ ಮುಂಚೆ ಎಲ್ಲವೂ ಹಳದಿ ಚೀಟಿಯ ಮೇಲೆ ಬಂದಿರಬೇಕು ಎನ್ನುವುದು ಅವರ ಹಟ. ಒಂದು ದೃಶ್ಯಕ್ಕೆ ಒಂದು ಚೀಟಿ. ಯಾರು, ಎಲ್ಲಿ, ಏನು ಮಾಡುತ್ತಾರೆ ಎಂದು ನಡುವೆ. ಎಷ್ಟು ಸೆಕೆಂಡು ಎಂದು ಮೂಲೆಯಲ್ಲಿ.

ಆ ವಾರ ನಮ್ಮ ಊಟದ ಮೇಜಿನ ಪಕ್ಕದ ಗೋಡೆಗೆ ಇಪ್ಪತ್ತೊಂದು ಚೀಟಿ ಅಂಟಿದ್ದವು. ಈ ಸಲದ ವಿಡಿಯೋ ಯಾವ ಕಾರ್ಖಾನೆಯದೂ ಆಗಿರಲಿಲ್ಲ, ನಮ್ಮ ಮನೆಯದು. ಅದನ್ನು ನೋಡಬೇಕಾದವಳು ಒಬ್ಬಳೇ, ಆರು ವರ್ಷದ ಒಂದು ಹುಡುಗಿ.

ನಾವು ದತ್ತು ತೆಗೆದುಕೊಳ್ಳಬೇಕೆಂದಿದ್ದ ಮಗು ಅದು. ಮಗು ಹೊಸ ಮನೆಗೆ ಹೋಗುವ ಮೊದಲು ಆ ಮನೆಯವರು ಮೂರು ನಿಮಿಷದ ಒಂದು ವಿಡಿಯೋ ಕಳಿಸಬೇಕು ಎಂದು ದತ್ತು ಕೇಂದ್ರದವರ ನಿಯಮ. ಬಾಗಿಲು ಹೇಗಿದೆ, ಮಲಗುವ ಜಾಗ ಎಲ್ಲಿ, ಯಾರ್‍ಯಾರು ಇದ್ದಾರೆ, ಎಲ್ಲ ನೋಡಿ ಮಗು ಹ್ಞೂಂ ಎಂದರೆ ಮುಂದಿನ ಮಾತು. ಈ ಹುಡುಗಿಯ ವಿಷಯದಲ್ಲಂತೂ ಅವಳ ಹ್ಞೂಂ ಇಲ್ಲದೆ ಕಾಗದ ಒಂದಿಂಚೂ ಸರಿಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ಯಾಕೆಂದರೆ ಅವಳು ಒಮ್ಮೆ ಒಂದು ಮನೆಗೆ ಹೋಗಿ, ನಾಲ್ಕು ತಿಂಗಳಿಗೆ ವಾಪಸ್ ಬಂದವಳು. ಯಾಕೆ ವಾಪಸ್ ಕಳಿಸಿದರು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನೊಂದು ನಿಯಮವೂ ಇತ್ತು. ವಿಡಿಯೋದಲ್ಲಿ ತೋರಿಸಿದ್ದು ಮಗುವಿಗೆ ಮಾತು ಕೊಟ್ಟ ಹಾಗೆ. ಅದಕ್ಕೇ ಶೂಟಿಂಗಿಗೆ ಮುಂಚೆ ಕೇಂದ್ರದ ಆಪ್ತಸಮಾಲೋಚಕಿ ಮನೆಗೆ ಬಂದು, ಏನೇನು ತೋರಿಸುತ್ತೀರಿ ಎಂದು ಒಂದೊಂದನ್ನೂ ನೋಡಿ ಒಪ್ಪಬೇಕು. ಗುರುವಾರ ಅವರು ಬರುವುದು, ಭಾನುವಾರ ಬೆಳಗಿನ ಬಿಸಿಲಿನಲ್ಲಿ ಶೂಟಿಂಗ್, ಸೋಮವಾರ ವಿಡಿಯೋ ತಲುಪಬೇಕು. ಇವರು ಪಟ್ಟಿ ಹಾಕಿ ಗೋಡೆಗೆ ಅಂಟಿಸಿದರು. ಪಟ್ಟಿ ಹಾಕಿದ ದಿನ ನಮ್ಮ ಯಜಮಾನರ ಮುಖ ನೋಡಬೇಕು, ಹಬೆಯಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದು ಸುಕ್ಕೂ ಇರುವುದಿಲ್ಲ.

ನಾನು ಎದ್ದು ಚೀಟಿ ಓದಿದೆ. "ಕೆಲಸಗಾರ ೧ ಬಾಗಿಲು ತೆರೆಯುತ್ತಾನೆ. ೬ ಸೆಕೆಂಡು." ಅದರ ಪಕ್ಕ, "ಕೆಲಸಗಾರ ೨ ಅಡುಗೆಮನೆಯಿಂದ ಬಂದು ಮುಗುಳ್ನಗುತ್ತಾಳೆ. ೫ ಸೆಕೆಂಡು."

"ರೀ, ಈ ಕೆಲಸಗಾರ ಎರಡು ಯಾರು?"

"ನೀನೇ ಕಣೇ. ಕೈ ಅಭ್ಯಾಸ, ಹಾಗೇ ಬಂದ್ಬಿಡ್ತು."

"ಇಪ್ಪತ್ತು ವರ್ಷದಿಂದ ಕೆಲಸ ಮಾಡ್ತಿದೀನಿ, ಮುಗುಳ್ನಗೋ ಕೆಲಸಗಾರರನ್ನ ಒಬ್ಬರನ್ನೂ ನೋಡಿಲ್ಲ ನಾನು."

ಅವರು ಪೆನ್ನು ತೆಗೆದು ತಿದ್ದಲು ಹೋದರು. ಬೇಡ, ಹಾಗೇ ಇರಲಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಅದೇ ಬೇಕಾಗಿತ್ತು. ಎರಡು ವರ್ಷದ ಹಿಂದೆ ಇನ್ನೊಂದು ಮಗುವಿನ ಮಾತು ಗಟ್ಟಿಯಾಗಿ, ನಾನು ಪುಟ್ಟ ಮಂಚ ತಂದು, ಕನ್ನಡಿಯ ಮುಂದೆ ನಿಂತು "ಅಮ್ಮ ಬಂದೆ, ಅಮ್ಮ ಬಂದೆ" ಎಂದು ಹೇಳಿ ನೋಡಿಕೊಂಡವಳು. ಆಮೇಲೆ ಆ ಮಗುವಿನ ಸೋದರಮಾವ ಎಲ್ಲಿಂದಲೋ ಬಂದು ಕರೆದುಕೊಂಡು ಹೋದ. ಮಗುವಿಗೆ ಒಳ್ಳೆಯದೇ ಆಯಿತು. ನನಗೆ ಮಾತ್ರ ಆರು ತಿಂಗಳು ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮಗು ಹೊಸ್ತಿಲು ದಾಟಿ ಒಳಗೆ ಬರುವ ತನಕ ನನ್ನನ್ನು ಕುರಿತು ಅಮ್ಮ ಎಂಬ ಪದ ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದು ಆಗಲೇ ಅಪ್ಪಣೆ ಮಾಡಿದ್ದೆ. ಹಾಗಾಗಿ ಕೆಲಸಗಾರ ೨ ಎಂದರೆ ನನಗೆ ಸುಖವೇ. ಕೆಲಸಗಾರರಿಗೆ ಎದೆ ಒಡೆಯುವುದಿಲ್ಲ, ರಜೆ ಸಿಗುತ್ತದೆ.

ಮನೆಯಲ್ಲಿದ್ದ ಇನ್ನೊಬ್ಬ ಕಲಾವಿದೆ ನಮ್ಮ ಅತ್ತೆ. ಅವರ ಪಾಲಿಗೆ ಹದಿನೇಳನೆಯ ಚೀಟಿ: "ಹಿರಿಯರು ಕುರ್ಚಿಯಲ್ಲಿ ಕುಳಿತು ಕೈ ಬೀಸುತ್ತಾರೆ. ೩ ಸೆಕೆಂಡು."

"ಮೂರೇ ಸೆಕೆಂಡಾ? ಅಷ್ಟಕ್ಕೆ ನಾನು ಹಲ್ಲಿನ ಸೆಟ್ ಬೇರೆ ಹಾಕ್ಕೋಬೇಕಾ?" ಎಂದರು ಅತ್ತೆ.

"ಅಮ್ಮಾ, ಒಟ್ಟು ಇರೋದೇ ನೂರ ಎಂಬತ್ತು ಸೆಕೆಂಡು."

"ಬಾಗಿಲಿಗೆ ಆರು ಕೊಟ್ಟಿದ್ದೀಯ, ಹೆತ್ತ ತಾಯಿಗೆ ಮೂರು. ಇರ್ಲಿ, ಇರ್ಲಿ, ಬಾಗಿಲೇ ನಿನ್ನ ಸಾಕಿದ್ದು."

ಇವರು ಒಂದು ದಿನ ಯೋಚಿಸಿ ಅರ್ಧ ಸೆಕೆಂಡು ಹೆಚ್ಚಿಸಿದರು. ಅತ್ತೆ ಅದನ್ನೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ಹುಡುಗಿಯ ಎತ್ತರ ಮೂರು ಅಡಿ ಎಂಟು ಇಂಚು ಎಂದು ಕೇಂದ್ರದವರು ತಿಳಿಸಿದ್ದರು. ಹಾಗಾದರೆ ಕಣ್ಣಿನ ಮಟ್ಟ ಮೂರು ಅಡಿ ನಾಲ್ಕು ಇಂಚು, ಕ್ಯಾಮೆರಾವೂ ಅಷ್ಟೇ ಎತ್ತರದಲ್ಲಿ ಇರಬೇಕು ಎಂದು ಇವರು ತೀರ್ಮಾನಿಸಿದರು. ಆಮೇಲೆ ಎರಡು ದಿನ, ಐವತ್ತರ ಹತ್ತಿರದ ಗಂಡಸು, ಟೇಪು ಹಿಡಿದು ಮಂಡಿಯಲ್ಲೇ ಮನೆಯೆಲ್ಲ ಓಡಾಡಿದರು. ಆ ಎತ್ತರದಿಂದ ನಮ್ಮ ಮನೆ ಬೇರೆಯೇ ಮನೆಯಂತೆ. ಬಚ್ಚಲಿನ ದೀಪದ ಸ್ವಿಚ್ಚು ಅವಳಿಗೆ ಎಟುಕುವುದಿಲ್ಲ. ಊಟದ ಮೇಜಿನ ಅಡಿಯಲ್ಲಿ ಬಡಗಿ ಪೆನ್ಸಿಲ್ಲಿನಲ್ಲಿ ಹಾಕಿದ ಗೀಟುಗಳು ಇನ್ನೂ ಇವೆ, ಹನ್ನೊಂದು ವರ್ಷ ಅದರ ಮೇಲೆ ಉಂಡರೂ ನಮಗೆ ಗೊತ್ತಿರಲಿಲ್ಲ. ಹಜಾರದ ಕಪಾಟಿನ ಚೂಪು ಮೂಲೆ ಸರಿಯಾಗಿ ಅವಳ ಹುಬ್ಬಿಗೆ ತಾಗುವಂತಿತ್ತು. ಇವರು ಹೋಗಿ, ಹಳೆಯ ರಬ್ಬರು ಕತ್ತರಿಸಿ ತಂದು ಆ ಮೂಲೆಗೆ ಅಂಟಿಸಿ, ತಮ್ಮ ಹಣೆಯನ್ನು ಎರಡು ಸಲ ಅದಕ್ಕೆ ಕುಟ್ಟಿ ಪರೀಕ್ಷೆ ಮಾಡಿದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಈ ಮನುಷ್ಯನ ಮೇಲೆ ನನಗೆ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತದೆ, ಹನ್ನೊಂದನೆಯ ಸಲ ಹೀಗಾಗುತ್ತದೆ.

ಸಿಟ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ವಿಭಾಗದ ಮೇಲ್ವಿಚಾರಕಿ. ಒಂದು ಕಡೆ ಕಾಗದ ಮಡಿಸುವ ಯಂತ್ರ, ಇನ್ನೊಂದು ಕಡೆ ಕತ್ತರಿಸುವ ಯಂತ್ರ. ಎರಡರ ನಡುವೆ ನಿಂತು "ಕೈ ತೆಗಿ!" ಎಂದರೆ ಆಚೆ ಮೂಲೆಯವನಿಗೆ ಕೇಳಿಸಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಇಪ್ಪತ್ತು ವರ್ಷದಲ್ಲಿ ನನ್ನ ವಿಭಾಗದಲ್ಲಿ ಒಬ್ಬರ ಬೆರಳೂ ಹೋಗಿಲ್ಲ, ಆದರೆ ನನ್ನ ದನಿ ಹಾಗೇ ನಿಂತುಬಿಟ್ಟಿದೆ. ಉಪ್ಪು ಕೊಡಿ ಎಂದರೂ ಮನೆಗೆ ಬೆಂಕಿ ಬಿದ್ದಿದೆ ಎಂದ ಹಾಗೆ ಕೇಳಿಸುತ್ತದೆ. ಮೇಲಾಗಿ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ, ನಿಜ. ಆದರೆ ಬಂದಾಗ ಬೀದಿಯ ತುದಿಯವರಿಗೂ ತಿಳಿಯುತ್ತದೆ.

ಒಂದು ಮನೆಯಿಂದ ವಾಪಸ್ ಬಂದ ಮಗು. ಅಲ್ಲಿ ಎಷ್ಟು ಬೈದಿದ್ದರೋ, ಎಷ್ಟು ಗದರಿದ್ದರೋ. ನನ್ನ ಒಂದು ಕೂಗು ಕೇಳಿದರೆ ಸಾಕು, ಬೇಡ ಎಂದುಬಿಡುತ್ತಾಳೆ. ಹಗಲೂ ಇರುಳೂ ನನಗೆ ಇದೊಂದೇ ಭಯ. ಇವರಿಗೂ ಅದೇ ಇತ್ತೋ ಏನೋ, ಬಾಯಿಬಿಟ್ಟು ಹೇಳಲಿಲ್ಲ, ಚೀಟಿಯಲ್ಲಿ ಬರೆದರು. ಹನ್ನೆರಡನೆಯ ಚೀಟಿ: "ಕೆಲಸಗಾರ ೨, ಮೆಲುದನಿಯಲ್ಲಿ: ಇದು ನಿನ್ನ ಕೋಣೆ. ೮ ಸೆಕೆಂಡು." ಮೆಲುದನಿ ಎಂಬುದರ ಕೆಳಗೆ ಎರಡು ಗೆರೆ.

ನಾನು ಮೆಲುದನಿ ಕಲಿಯಲು ಕೂತೆ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ, "ಇದು ನಿನ್ನ ಕೋಣೆ, ಇದು ನಿನ್ನ ಕೋಣೆ." ಮೂರನೆಯ ದಿನ ಅತ್ತೆ ಕನ್ನಡಕ ಏರಿಸಿ ಕೇಳಿದರು, "ಯಾಕಮ್ಮಾ, ಗಂಟಲು ಕಟ್ಟಿದೆಯಾ? ಬಿಸಿನೀರು ಕುಡಿ."

ಆ ಕೋಣೆ ಮೊದಲು ನಮ್ಮ ಸಾಮಾನು ತುಂಬುವ ಕೋಣೆ. ಎಲ್ಲ ಖಾಲಿ ಮಾಡಿ, ಪುಟ್ಟ ಮಂಚ ಹಾಕಿ, ಇವರು ಗೋಡೆಗೆ ಗಿಳಿಹಸಿರು ಬಣ್ಣ ಹಚ್ಚತೊಡಗಿದ್ದರು. ಒಂದೇ ಗೋಡೆಗೆ. ಉಳಿದ ಮೂರು ಗೋಡೆಗಳಲ್ಲಿ ಹಳೆಯ ಮೊಳೆಗಳ ತೂತು, ಟ್ರಂಕು ಒರೆಸಿದ ಕರಿ ಗುರುತು, ಎಲ್ಲ ಹಾಗೇ ಇತ್ತು.

"ಮಿಕ್ಕಿದ್ದು?" ಎಂದು ಕೇಳಿದೆ.

"ಕ್ಯಾಮೆರಾ ಕಿಟಕಿ ಪಕ್ಕ ಇರುತ್ತೆ. ಫ್ರೇಮಲ್ಲಿ ಬರೋದು ಇದೊಂದೇ ಗೋಡೆ. ಕಾಣದ ಗೋಡೆಗೆ ಯಾರು ಬಣ್ಣ ಹಚ್ತಾರೆ?"

ಹದಿನಾಲ್ಕು ವರ್ಷದ ಕೆಲಸ ಮನುಷ್ಯನನ್ನು ಹೀಗೆ ಮಾಡುತ್ತದೆ. ನನ್ನನ್ನು ನನ್ನ ಕೆಲಸ ಮಾಡಿರಲಿಲ್ಲವೇ, ಹಾಗೆ. ಆ ಹೊತ್ತಿಗೆ ನನಗೂ ಅದು ಸರಿ ಎಂದೇ ಅನ್ನಿಸಿತು.

ಗುರುವಾರ ಹನ್ನೊಂದಕ್ಕೆ ಬರುತ್ತೇನೆಂದಿದ್ದ ಸಮಾಲೋಚಕಿ ಹತ್ತಕ್ಕೇ ಬಂದರು. ನಾನು ರಜೆ ಹಾಕಿ ನೆಲ ಒರೆಸಿ ಆಗಷ್ಟೇ ಎದ್ದಿದ್ದೆ. ಕೋಣೆಯಲ್ಲಿ ಬಣ್ಣದ ತಟ್ಟೆ ಇನ್ನೂ ನೆಲದ ಮೇಲಿತ್ತು. ತೆಳ್ಳನೆಯ ಹೆಂಗಸು, ಹೆಗಲಿಗೆ ತನಗಿಂತ ದೊಡ್ಡದೊಂದು ಚೀಲ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು. ಮಾತು ಕಡಿಮೆ. ನಾನು ನನ್ನ ಹೊಸ ಮೆಲುದನಿಯಲ್ಲಿ "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದೆ. ಅವರು ಕಿವಿ ಮುಂದೆ ಮಾಡಿ "ಏನಂದ್ರಿ?" ಎಂದರು.

ಚೀಟಿಗಳನ್ನು ಗೋಡೆಯಿಂದ ಒಂದೊಂದಾಗಿ ಕಿತ್ತು ಕೈಯಲ್ಲಿ ಹಿಡಿದು, ಅದರಲ್ಲಿ ಬರೆದ ಜಾಗಕ್ಕೇ ಹೋಗಿ ನಿಂತು ನೋಡಿದರು. ಕಪಾಟಿನ ಮೂಲೆಯ ರಬ್ಬರನ್ನು ಬೆರಳಿನಿಂದ ಒತ್ತಿದರು. ಬಚ್ಚಲಿನ ಮುಂದೆ ಇವರು ತಂದಿಟ್ಟ ಮೆಟ್ಟಿಲು ಮಣೆಯ ಮೇಲೆ ತಾವೇ ಹತ್ತಿ ಇಳಿದರು. ಅಲ್ಲೀ ತನಕ ಎಲ್ಲ ಚೆನ್ನಾಗಿತ್ತು.

"ಒಂಬತ್ತನೇದು. ಬೆಕ್ಕು ಕಿಟಕಿಯಲ್ಲಿ ಮಲಗಿದೆ, ನಾಲ್ಕು ಸೆಕೆಂಡು. ಬೆಕ್ಕೆಲ್ಲಿ?"

ಇವರು ಗಂಟಲು ಸರಿಮಾಡಿಕೊಂಡರು. "ಅದು ಕೆಳಗಿನ ಮನೆಯವರದು. ಭಾನುವಾರ ಎರಡು ಗಂಟೆ ಹೊತ್ತು ಕೊಡ್ತೀವಿ ಅಂದಿದಾರೆ."

"ಸೋಮವಾರ?"

ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

"ಆ ಮಗು ಇಲ್ಲಿಗೆ ಬಂದ್ರೆ, ಚಪ್ಪಲಿ ಬಿಡೋಕೆ ಮುಂಚೆ ಕೇಳೋದು ಬೆಕ್ಕೆಲ್ಲಿ ಅಂತ. ಆಗ ಏನು ಹೇಳ್ತೀರಿ?"

ಇವರು ಆ ಚೀಟಿಯನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಕೋಣೆ. ಹಸಿರು ಗೋಡೆಯ ಮುಂದೆ ನಿಂತ ಸಮಾಲೋಚಕಿ ನಿಧಾನಕ್ಕೆ ಹಿಂದೆ ತಿರುಗಿ, ಮಿಕ್ಕ ಮೂರು ಗೋಡೆಗಳನ್ನು ನೋಡಿದರು.

"ಅದು ಕ್ಯಾಮೆರಾಗೆ ಕಾಣಲ್ಲ ಮೇಡಂ," ಎಂದರು ಇವರು.

"ಮಲಗಿರೋ ಮಗುಗೆ ಕಾಣೋದು ಅದೇ ಅಲ್ವಾ?"

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಇವರ ಮೇಲೆ ಹೊಟ್ಟೆಯಿಂದ ಸಿಟ್ಟು ಎದ್ದು ಬಂತು. ನುಂಗಿದೆ. ನಲವತ್ತು ನಿಮಿಷದಿಂದ ನುಂಗುತ್ತಲೇ ಇದ್ದೆ. ಇವರೋ, ಮುಖ ಸಣ್ಣದು ಮಾಡಿಕೊಂಡು, ಹೇಗಾದರೂ ಮರ್ಯಾದೆ ಉಳಿಸಿಕೊಳ್ಳಬೇಕೆಂದು, "ಇಲ್ಲ ಮೇಡಂ, ಹದಿನಾಲ್ಕನೇ ಚೀಟಿ ನೋಡಿ, ಕ್ಯಾಮೆರಾ ಹೀಗೆ ಹಿಂದಕ್ಕೆ ಬರುತ್ತೆ, ಆಗ ಬಾಗಿಲಿಂದ ಹಜಾರ ಪೂರ್ತಿ..." ಎಂದು ಎರಡು ಕೈಯ ಬೆರಳಿನಲ್ಲಿ ಚೌಕಟ್ಟು ಮಾಡಿ, ಅದರೊಳಗಿಂದ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಹಾಕಿದರು. ಬಲಗಾಲು ಸೀದಾ ಬಣ್ಣದ ತಟ್ಟೆಯೊಳಗೆ. ಅವರಿಗೆ ಗೊತ್ತೇ ಆಗಲಿಲ್ಲ. ಹಾಗೇ ಹಿಂದೆ ನಡೆದು ಹಜಾರಕ್ಕೆ ಬಂದರು. ನಾನು ಬೆಳಿಗ್ಗೆಯಿಂದ ಉಜ್ಜಿದ ನೆಲದ ಮೇಲೆ ಒಂದು, ಎರಡು, ಮೂರು, ಗಿಳಿಹಸಿರು ಹೆಜ್ಜೆ. ನಾಲ್ಕನೆಯದು ಅತ್ತೆಯ ಜಮಖಾನದ ಮೇಲೆ ಬೀಳುವುದರಲ್ಲಿತ್ತು.

"ರೀ! ಕಾಲು! ಅಲ್ಲೇ ನಿಲ್ರೀ!"

ಮುದ್ರಣಾಲಯದ ದನಿ. ಪೂರ್ತಿ ಬಂತು, ಒಂದು ಗುಲಗಂಜಿಯೂ ಉಳಿಯದ ಹಾಗೆ. ಕೆಳಗಿನ ಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು.

"ಕಣ್ಣು ಎಲ್ಲಿಟ್ಟಿದ್ರಿ? ಊರಿಗೆಲ್ಲ ಕಾಲು ನೋಡ್ಕೊಂಡು ನಡೀರಿ ಅಂತ ವಿಡಿಯೋ ಮಾಡೋರು, ಮನೇಲಿ ಬಣ್ಣದ ತಟ್ಟೆಗೆ ಕಾಲಿಡ್ತೀರಾ? ಇನ್ನೊಂದು ಹೆಜ್ಜೆ ಇಟ್ರೆ ನೋಡಿ! ಒಂದು ಗೋಡೆಗೆ ಬಣ್ಣ ಹಚ್ಚಿ ಅಂತ ನಾನು ಹೇಳಿದ್ನಾ? ಆ ಬೆಕ್ಕು ಬೇಕು ಅಂತ ನಾನು ಹೇಳಿದ್ನಾ?"

ಇವರು ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಿದ್ದರು. ಅತ್ತೆ ಸಮಾಲೋಚಕಿಯ ಕಡೆ ತಿರುಗಿ ಬಲು ಸಮಾಧಾನದಿಂದ, "ಈಗ ಬಂತು ನೋಡಿ ನಮ್ಮನೆ ದನಿ. ನಾಲ್ಕು ದಿನದಿಂದ ಇವಳಿಗೆ ಏನಾಯ್ತೋ ಅಂತ ನನಗೆ ಯೋಚನೆ ಹತ್ತಿತ್ತು," ಎಂದರು.

ನನ್ನ ಬಾಯಿ ನಡೆಯುತ್ತಲೇ ಇತ್ತು, ಕೈಯೂ ನಡೆಯುತ್ತಿತ್ತು. ಸ್ಟೂಲು ಎಳೆದು ಕೂರಿಸಿದೆ. ಹಳೆಯ ಬಟ್ಟೆ ಒದ್ದೆ ಮಾಡಿ ತಂದು ಅವರ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳ ಸಂದಿಯಿಂದ ಬಣ್ಣ ಒರೆಸುತ್ತಾ ಬೈದೆ, ಬೈಯುತ್ತಾ ಒರೆಸಿದೆ. ಹೆಬ್ಬೆರಳು ಬಂತು, ಕಿರುಬೆರಳು ಬಂತು. ಆಗ ಇವರು ಮೆಲ್ಲಗೆ, "ಬಣ್ಣ ಮಾತ್ರ ಚೆನ್ನಾಗಿದೆ ಅಲ್ವಾ, ನನ್ನ ಕಾಲಿಗೂ ಒಪ್ಪುತ್ತೆ," ಎಂದರು. ತಡೆದರೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಅತ್ತೆಯೂ ನಕ್ಕರು.

ಆಗ ತಲೆ ಎತ್ತಿ ನೋಡಿದೆ. ಸಮಾಲೋಚಕಿ ಬಾಗಿಲಿಗೆ ಒರಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಎಷ್ಟು ಹೊತ್ತಿನಿಂದ ಬರೆಯುತ್ತಿದ್ದರೋ, ಪುಟ ತಿರುಗಿಸಿದರು.

"ನಾಳೆ ಮಗುವನ್ನ ನೋಡ್ತೀನಿ," ಎಂದು ಅವರು ನೋಟ್‌ಬುಕ್ಕು ಮುಚ್ಚಿದರು. "ಶನಿವಾರ ಫೋನ್ ಮಾಡ್ತೀನಿ. ಅಲ್ಲೀ ತನಕ ಏನೂ ಶೂಟ್ ಮಾಡ್ಬೇಡಿ."

ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಹಚ್ಚಿದ ದೀಪವನ್ನು ನಾನೇ ಊದಿದ ಹಾಗಾಗಿತ್ತು. ಆ ಮಗುವಿನ ಎತ್ತರ ಗೊತ್ತು, ಚಪ್ಪಲಿಯ ಅಳತೆ ಗೊತ್ತು, ಮುಖ ಇನ್ನೂ ನೋಡಿಲ್ಲ. ನೋಡುವ ಮೊದಲೇ ಕೂಗಿ ಓಡಿಸಿದೆ ಎಂದುಕೊಂಡೆ. ಹೊರಗೆ ಬಂದಾಗ ಇವರು ನೆಲದ ಹಸಿರು ಹೆಜ್ಜೆಗಳನ್ನು ಉಜ್ಜುತ್ತಾ ಕೂತಿದ್ದರು.

"ಬೈದುಬಿಡಿ," ಎಂದೆ. "ನನ್ನಿಂದಲೇ ಎಲ್ಲ ಹಾಳಾಯ್ತು ಅಂತ ಒಂದು ಮಾತು ಹೇಳಿಬಿಡಿ, ಹಗುರಾಗುತ್ತೆ."

"ತಟ್ಟೇನ ದಾರೀಲಿ ಇಟ್ಟೋನು ನಾನು. ಹಿಂದೆ ನೋಡದೆ ನಡೆದೋನೂ ನಾನು," ಎಂದರು. ಬಟ್ಟೆ ಹಿಂಡಿ, "ನಿನ್ನ ದನೀನ ಮುಚ್ಚಿಡೋಕೆ ಹೋದೋನೂ ನಾನೇ. ಆ ಎರಡು ಗೆರೆ ಎಳೀಬಾರದಿತ್ತು," ಎಂದರು.

ಶುಕ್ರವಾರ ಕೆಲಸಕ್ಕೆ ಹೋದೆ. ಯಾರ ಮೇಲೂ ಕೂಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕತ್ತರಿಸುವ ಯಂತ್ರದವನು ಬಂದು, "ಅಕ್ಕಾ, ಹುಷಾರಿಲ್ಲ ಅಂದ್ರೆ ಮನೆಗೆ ಹೋಗಿ. ನೀವು ಸುಮ್ನಿದ್ರೆ ನಮಗೆ ಕೈ ನಡುಗುತ್ತೆ," ಎಂದ.

ಶನಿವಾರ ಬೆಳಿಗ್ಗೆಯಿಂದ ಮೂವರೂ ಫೋನಿನ ಸುತ್ತ ಕೂತಿದ್ದೆವು. ಅತ್ತೆ ಹಲ್ಲಿನ ಸೆಟ್ ಹಾಕಿಕೊಂಡೇ ಕಾಯುತ್ತಿದ್ದರು. ಹನ್ನೊಂದೂಕಾಲಿಗೆ ಫೋನ್ ಬಂತು. ಇವರು ಸ್ಪೀಕರ್ ಒತ್ತಿದರು. ಜೀವ ಬಾಯಿಗೆ ಬರುತ್ತದೆ ಎನ್ನುತ್ತಾರಲ್ಲ, ನನಗೆ ಬಂದು ಹಲ್ಲಿನ ಹಿಂದೆಯೇ ನಿಂತಿತ್ತು.

"ನಿಮ್ಮನೆಗೆ ಬರೋ ಮುಂಚೆ ನಾನು ಮಗುವನ್ನ ಕೇಳಿದ್ದೆ," ಎಂದರು ಸಮಾಲೋಚಕಿ. "ಆ ಮನೇಲಿ ಏನೇನು ನೋಡ್ಕೊಂಡು ಬರ್ಲಿ ಅಂತ. ಬೇರೆ ಮಕ್ಕಳು ಟಿ.ವಿ. ಇದೆಯಾ, ಉಯ್ಯಾಲೆ ಇದೆಯಾ ಅಂತಾರೆ. ಇವಳು ಕೇಳಿದ್ದು ಒಂದೇ. ಸಿಟ್ಟು ಬಂದ್ರೆ ಅವರು ಏನು ಮಾಡ್ತಾರೆ, ನೋಡ್ಕೊಂಡು ಬನ್ನಿ ಅಂತ."

ಇವರು ಫೋನಿನ ದನಿ ಹೆಚ್ಚಿಸಿದರು.

"ನಿಮಗೆ ಮೊದಲೇ ಹೇಳೋ ಹಾಗಿರಲಿಲ್ಲ. ಹೇಳಿದ್ರೆ ನಿಮ್ಮ ಯಜಮಾನ್ರು ಅದಕ್ಕೂ ಒಂದು ಚೀಟಿ ಬರೆದಿರೋರು."

"ಬೇಡ ಅಂದ್ಲಾ ಮೇಡಂ?" ಎಂದೆ. ನನ್ನ ದನಿ ಆಗ ನಿಜವಾಗಿಯೂ ಮೆಲುದನಿಯಾಗಿತ್ತು.

"ಪೂರ್ತಿ ಕೇಳಿ. ಅವಳು ಮೊದಲಿದ್ದ ಮನೆಯವರು ಕೆಟ್ಟವರಲ್ಲ. ನಾಲ್ಕು ತಿಂಗಳಲ್ಲಿ ಒಂದು ದಿನ ದನಿ ಏರಿಸಿದವರಲ್ಲ. ಬೇಜಾರಾದ್ರೆ ಸುಮ್ಮನಾಗಿಬಿಡೋರು. ಮಗುಗೆ ತಾನು ಏನು ಮಾಡಿದೆ, ಅವರಿಗೆ ಏನಾಯ್ತು, ಒಂದೂ ಗೊತ್ತಾಗ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದಾಗ ಅವಳ ಚೀಲ ಬಾಗಿಲ ಹತ್ತಿರ ಇತ್ತು. ಅಷ್ಟೇ."

ಅತ್ತೆಯ ಕೈ ನನ್ನ ಕೈ ಹುಡುಕಿಕೊಂಡು ಬಂತು.

"ನಿನ್ನೆ ನಾನು ಬರೆದಿದ್ದನ್ನ ಅವಳಿಗೆ ಹಾಗ್ಹಾಗೇ ಓದಿ ಹೇಳಿದೆ. ಆ ಆಂಟಿಗೆ ಸಿಟ್ಟು ಬಂದ್ರೆ ಜೋರಾಗಿ ಕೂಗ್ತಾರೆ ಅಂದೆ. ಎಷ್ಟು ಜೋರು ಅಂದ್ಲು. ಕೆಳಗಿನ ಮನೆ ಕಿಟಕಿ ಮುಚ್ಕೊಳ್ಳೋ ಅಷ್ಟು ಅಂದೆ. ಆಮೇಲೆ ಕೇಳಿದ್ಲು, ಕೂಗಿದ ಮೇಲೆ ಆ ಅಂಕಲ್‌ನ ಕಳಿಸಿಬಿಟ್ರಾ ಅಂತ."

ಫೋನಿನ ಆ ಕಡೆ ನೋಟ್‌ಬುಕ್ಕಿನ ಪುಟ ತಿರುಗಿಸಿದ ಸದ್ದು ಕೇಳಿಸಿತು.

"ಇಲ್ಲ, ಕಾಲು ಒರೆಸಿದ್ರು ಅಂದೆ. ಬೈಕೊಂಡೇ ಒರೆಸಿದ್ರಾ ಅಂದ್ಲು. ಹೌದು, ಬೈಕೊಂಡೇ ಒರೆಸಿದ್ರು, ಆಮೇಲೆ ಎಲ್ಲರೂ ನಕ್ಕರು ಅಂದೆ. ಮತ್ತೆ ಮೊದಲಿಂದ ಹೇಳಿ ಅಂದ್ಲು. ಮೂರು ಸಲ ಹೇಳಿಸ್ಕೊಂಡ್ಲು. ವಿಡಿಯೋದಲ್ಲಿ ಅದನ್ನ ತೋರಿಸ್ಬೇಕಂತೆ. ಬೈಯೋದನ್ನ. ಬೈದ ಮೇಲೆ ಏನಾಗುತ್ತೆ ಅನ್ನೋದನ್ನ. ಅದಿದ್ರೆ ನೋಡ್ತೀನಿ, ನೋಡಿ ಬರ್ತೀನಿ ಅಂದಿದಾಳೆ."

ಹೋದ ಜೀವ ಬಂದಂತಾಯಿತು ಎಂದು ಎಷ್ಟೋ ಸಲ ಸುಮ್ಮನೆ ಹೇಳಿದ್ದೇನೆ, ಬಸ್ಸು ಸಿಕ್ಕಿದಾಗ, ಕಳೆದ ಬೀಗದ ಕೈ ಸಿಕ್ಕಿದಾಗ. ಅದು ಹೇಗಿರುತ್ತದೆ ಎಂದು ಆವತ್ತು ಗೊತ್ತಾಯಿತು. ನಾನು ಗೊಳೋ ಎಂದು ಅತ್ತೆ, ಅದೂ ನನ್ನ ದನಿಯಲ್ಲೇ. ಫೋನಿನ ಆ ಕಡೆಯಿಂದ, "ಮಗು ಮೇಲೆ ಮಾತ್ರ ಅಷ್ಟು ಜೋರು ಬೇಡ, ಆಯ್ತಾ? ಅರ್ಧ ಸಾಕು," ಎಂದು ಕೇಳಿಸಿತು.

"ಕಾಲು ಭಾಗ ಮೇಡಂ," ಎಂದರು ಇವರು ಕಣ್ಣೊರೆಸಿಕೊಂಡು. "ನಾನು ಬರೆದುಕೊಡ್ತೀನಿ."

ಅವತ್ತು ಸಂಜೆಯೊಳಗೆ ಉಳಿದ ಮೂರು ಗೋಡೆಗೂ ಬಣ್ಣ ಹಚ್ಚಿದೆವು. ಒಂದಕ್ಕೆ ಇವರು, ಒಂದಕ್ಕೆ ನಾನು, ಮೂರನೆಯದರ ಕೆಳಗಿನ ಅರ್ಧಕ್ಕೆ ಕುರ್ಚಿಯಲ್ಲಿ ಕೂತು ಅತ್ತೆ. ಮೊಳೆಯ ತೂತು ಮುಚ್ಚಿ ನುಣ್ಣಗೆ ಉಜ್ಜಿದೆವು. ಬಾಗಿಲ ಹಿಂದಿನ ಮೂಲೆಗೂ, ಮಂಚದ ಅಡಿಗೂ, ಯಾವ ಕ್ಯಾಮೆರಾವೂ ಎಂದೂ ನೋಡದ ಜಾಗಕ್ಕೂ ಇವರು ಮಂಡಿಯೂರಿ ಬಣ್ಣ ಹಚ್ಚಿದರು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಬಿಸಿಲು ಇವರು ಹೇಳಿದ ಜಾಗಕ್ಕೇ ಬಂದು ಬಿದ್ದಿತ್ತು. ಕ್ಯಾಮೆರಾ ಮೂರು ಅಡಿ ನಾಲ್ಕು ಇಂಚಿನ ಎತ್ತರದಲ್ಲಿ ನಿಂತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಆಗಲೇ ಕೈ ಬೀಸಿ ಅಭ್ಯಾಸ ಮಾಡುತ್ತಿದ್ದರು. ನಾನು ತಲೆ ಬಾಚಿಕೊಂಡು ಹಜಾರಕ್ಕೆ ಬಂದೆ. ಬೆಕ್ಕಿನ ಚೀಟಿ ಇದ್ದ ಜಾಗದಲ್ಲಿ ಹೊಸದೊಂದು ಚೀಟಿ ಅಂಟಿತ್ತು. "ಕೆಲಸಗಾರ ೨" ಎಂದು ಬರೆದು, ಅದರ ಮೇಲೆ ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ ಬರೆದಿದ್ದರು:

"ಅಮ್ಮ ಬೈಯುತ್ತಾಳೆ. ೧೦ ಸೆಕೆಂಡು."

ಆ ಪದ ಬೇಡ ಎಂದಿದ್ದವಳು ನಾನೇ. ಮಗು ಹೊಸ್ತಿಲು ದಾಟುವ ತನಕ ಬೇಡ ಎಂದಿದ್ದೆ. ಬೈಯಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಇವರು ಕ್ಯಾಮೆರಾದ ಹಿಂದೆ ಮಂಡಿಯೂರಿ ಕೂತು, ಹೆಂಡತಿಯಿಂದ ಬೈಸಿಕೊಳ್ಳಲು ಮೊದಲ ಸಲ ಕಾದು ಕೂತ ಗಂಡಸಿನ ಹಾಗೆ ನನ್ನನ್ನೇ ನೋಡುತ್ತಿದ್ದರು.

ಅದರ ಪಕ್ಕದಲ್ಲಿ ಇನ್ನೂ ಒಂದು ಚೀಟಿ ಇತ್ತು, ಅದೇ ಕೊನೆಯದು. "ಆಮೇಲೂ ಎಲ್ಲರೂ ಇಲ್ಲೇ ಇರುತ್ತಾರೆ." ಮೂಲೆ ಖಾಲಿ ಇತ್ತು.

"ಇದಕ್ಕೆ ಸೆಕೆಂಡು ಹಾಕೋದು ಮರೆತ್ರಲ್ಲ," ಎಂದೆ.

ಹೆತ್ತ ತಾಯಿಗೆ ಅರ್ಧ ಸೆಕೆಂಡು ಹೆಚ್ಚು ಕೊಡಲು ಒಂದು ದಿನ ಯೋಚಿಸಿದ ಮನುಷ್ಯ ತಲೆ ಅಲ್ಲಾಡಿಸಿದರು.

"ಮರೆತಿಲ್ಲ ಕಣೇ. ಅದು ಮುಗಿಯೋದಿಲ್ಲ."